ಬಟ್ಟೆ ತಂತಿಯ ಕೆಳಗೊಂದು ಕ್ಲಿನಿಕ್

ನನ್ನ ಮಗಳು ಹದಿನೇಳನೇ ವಯಸ್ಸಿಗೇ ಪ್ರಾಕ್ಟೀಸ್ ಶುರು ಹಚ್ಚಿಕೊಂಡಿದ್ದಾಳೆ. ಈ ಸುದ್ದಿ ನನಗೆ ಸಿಕ್ಕಿದ್ದು ಹೋದ ಭಾನುವಾರ, ವಿಜಯವಾಡದ ಅವಳ ಹಾಸ್ಟೆಲಿನ ವಾರ್ಡನ್ ಬಾಯಿಂದ.

"ಮೀ ಪಾಪ ಚದವಡಂ ಲೇದಂಡಿ" ಎಂದರು ಆಕೆ. ನಿಮ್ಮ ಮಗಳು ಓದುತ್ತಿಲ್ಲ, ಅಂತ. ಮತ್ತೇನು ಮಾಡುತ್ತಿದ್ದಾಳೆ? ಮೂರನೇ ಮಹಡಿಯಲ್ಲಿ ಬಟ್ಟೆ ಒಣಹಾಕುವ ತಂತಿಯ ಕೆಳಗೆ ಕೂತು 'ಓಪಿ' ನಡೆಸುತ್ತಿದ್ದಾಳಂತೆ. ಮನೆ ನೆನಪಾಗಿ ಅಳುವವರು, ಟೆಸ್ಟ್ ಕೆಟ್ಟು ಅಳುವವರು, ಗೆಳತಿ ಮಾತು ಬಿಟ್ಟಳೆಂದು ಅಳುವವರು, ಎಲ್ಲರೂ ಒದ್ದೆ ಟವೆಲ್ ಹಿಡಿದುಕೊಂಡು ಅಲ್ಲಿಗೇ ಹೋಗುತ್ತಾರಂತೆ. ಇವಳು ಎಲ್ಲರ ಮಾತನ್ನೂ ಕೇಳಿಸಿಕೊಳ್ಳುತ್ತಾಳಂತೆ.

ಎಂಬಿಬಿಎಸ್ ಇಲ್ಲ, ಸೀಟಿಲ್ಲ, ನೀಟ್ ಪರೀಕ್ಷೆಯೇ ಇನ್ನೂ ಆಗಿಲ್ಲ. ಅಷ್ಟರಲ್ಲಿ ಪೇಷೆಂಟುಗಳು!

ನಿಜ ಹೇಳಲೇ? ಮೊದಲು ನನಗೆ ಹೆಮ್ಮೆಯೇ ಆಯಿತು. ಆಮೇಲೆ ವಾರ್ಡನ್ ಟೆಸ್ಟುಗಳ ಹಾಳೆಯನ್ನು ನನ್ನ ಕಡೆಗೆ ತಿರುಗಿಸಿದರು. ಮೂರು ವಾರ, ಮೂರು ಟೆಸ್ಟು. ಚಿನ್ನುವಿನ ಅಂಕ ಒಂದೊಂದೇ ಮೆಟ್ಟಿಲು ಇಳಿದಿತ್ತು. ಹೆಮ್ಮೆ ಅಲ್ಲೇ ಜಾಗ ಖಾಲಿ ಮಾಡಿತು.

ಹಳೆಯ ಓದುಗರಿಗೆ ಗೊತ್ತು, ಹೊಸಬರಿಗೆ ಹೇಳಿಬಿಡುತ್ತೇನೆ. ನಾವು ತಿಪಟೂರಿನ ಕಡೆಯವರು. ನಾನು ಬ್ಯಾಂಕಿನವಳು, ವರ್ಗವಾಗಿ ವಿಶಾಖಪಟ್ಟಣಕ್ಕೆ, ಅಂದರೆ ವೈಜಾಗಿಗೆ, ಬಂದು ಆರು ವರ್ಷವಾಯಿತು. ಇವರು ಅಲ್ಲೇ ಒಂದು ಔಷಧ ಕಂಪನಿಯಲ್ಲಿದ್ದಾರೆ. ಚಿನ್ನು, ಅಂದರೆ ಚಿನ್ಮಯಿ, ನಮ್ಮ ಒಬ್ಬಳೇ ಮಗಳು. ಎರಡನೇ ವರ್ಷದ ಇಂಟರ್. (ನಮ್ಮ ಕಡೆಯ ಪಿಯುಸಿ.) ಡಾಕ್ಟರ್ ಆಗಬೇಕೆನ್ನುವ ಮಕ್ಕಳನ್ನು ವಿಜಯವಾಡದ ಹಾಸ್ಟೆಲಿಗೆ ಹಾಕುವುದು ಇಲ್ಲಿನ ರೂಢಿ. ನಾವೂ ಹಾಕಿದೆವು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ?

ಆದರೆ ಚಿನ್ನುವಿಗೆ ಬರೀ ಡಾಕ್ಟರ್ ಆದರೆ ಸಾಲದು. ಸೈಕಿಯಾಟ್ರಿಸ್ಟ್ ಆಗಬೇಕು. ಮನೋವೈದ್ಯೆ.

ಇದನ್ನು ಊರಲ್ಲಿ ಹೇಳಿದಾಗ ಆದದ್ದನ್ನು ಏನೆಂದು ಬರೆಯಲಿ? ನಮ್ಮತ್ತೆ ಕೈಯಲ್ಲಿದ್ದ ಹೂಬತ್ತಿ ಕೆಳಗಿಟ್ಟು, "ಹುಚ್ಚರ ಡಾಕ್ಟ್ರಾ? ನಾಳೆ ಹೆಣ್ಣು ನೋಡೋಕೆ ಬಂದೋರಿಗೆ ಏನಂತ ಹೇಳೋಣ?" ಎಂದರು. ನಮ್ಮಣ್ಣ ವ್ಯವಹಾರಸ್ಥ. "ಸ್ಕಿನ್ ಮಾಡ್ಸೇ. ಪೇಷೆಂಟ್ ಸಾಯಲ್ಲ, ವಾಸೀನೂ ಆಗಲ್ಲ, ಬರ್ತಾನೇ ಇರ್ತಾರೆ" ಎಂದ. ಅಂದಿನಿಂದ ನೆಂಟರ ಮುಂದೆ ನಾವು 'ಡಾಕ್ಟರ್' ಎಂಬಲ್ಲಿಗೇ ಮಾತು ನಿಲ್ಲಿಸುತ್ತೇವೆ.

ನೆಂಟರ ಮುಂದೆ ನಿಲ್ಲಿಸಬಹುದು. ಕನಸನ್ನು ನಿಲ್ಲಿಸಲಾಗುತ್ತದೆಯೇ?

ನನ್ನ ಕನಸಿನ ಕ್ಲಿನಿಕ್ ವೈಜಾಗಿನ ಹತ್ತಿರದ ಭೀಮುನಿಪಟ್ಟಣದಲ್ಲಿದೆ. (ಊರವರು ಭೀಮಿಲಿ ಎನ್ನುತ್ತಾರೆ. ನಾವೂ ಹಾಗೇ ಅನ್ನೋಣ.) ಒಂದು ಹಳೆಯ ಹೆಂಚಿನ ಮನೆ, ನೀಲಿ ಬಾಗಿಲು. ಜಗುಲಿಯಲ್ಲಿ ನಾಲ್ಕು ಬೆತ್ತದ ಕುರ್ಚಿ. ಎದುರಿಗೆ ಸಮುದ್ರ, ಮರಳಿನ ಮೇಲೆ ಮಗುಚಿ ಹಾಕಿದ ದೋಣಿಗಳು. ಅಲ್ಲಿ ಟೋಕನ್ ಇಲ್ಲ, 'ನೆಕ್ಸ್ಟ್' ಎಂದು ಕೂಗುವವರಿಲ್ಲ. ಬಂದವರು ಮೊದಲು ಅರ್ಧ ಗಂಟೆ ಅಲೆ ನೋಡುತ್ತಾ ಕೂರಬೇಕು. ಅಷ್ಟರಲ್ಲಿ ಅರ್ಧ ಕಾಯಿಲೆ ಕಳೆಯುತ್ತದೆ. ಉಳಿದ ಅರ್ಧಕ್ಕೆ ಒಳಗೆ ಡಾ. ಚಿನ್ಮಯಿ ಇದ್ದಾಳೆ, ಬಿಳಿ ಕಾಟನ್ ಸೀರೆಯಲ್ಲಿ. ಆ ಸೀರೆಯ ಅಂಚು ಯಾವ ಬಣ್ಣದ್ದು ಎಂಬುದೂ ನನಗೆ ಗೊತ್ತು. (ನೇರಳೆ.) ನಾನು ಆಗ ರಿಟೈರ್ ಆಗಿರುತ್ತೇನೆ. ಬಂದವರಿಗೆ ಮಜ್ಜಿಗೆ ಕೊಡುವುದು, ಅಳುತ್ತಾ ಹೊರಬಂದವರ ಚಪ್ಪಲಿ ಹುಡುಕಿಕೊಡುವುದು ನನ್ನ ಕೆಲಸ.

ಬ್ಯಾಂಕಿನ ಕೌಂಟರಿನಲ್ಲಿ ಕೂತೇ ಎಷ್ಟೋ ಸಲ ಆ ಜಗುಲಿಗೆ ಹೋಗಿಬಂದಿದ್ದೇನೆ. ಎದುರಿಗೆ ಯಾರೋ ಗ್ರಾಹಕರು "ಮೇಡಂ, ಪಾಸ್‌ಬುಕ್" ಎಂದು ಮೂರನೇ ಸಲ ಕೂಗಿದಾಗ ಸಮುದ್ರ ಮಾಯವಾಗುತ್ತದೆ.

ಇವರು ಕನಸಿನವರಲ್ಲ, ಪ್ಲಾನಿನವರು. ಬ್ಯಾಂಕ್ ಕ್ಯಾಲೆಂಡರಿನ ಹಿಂಬದಿಯಲ್ಲಿ ಮೂರು ಬಣ್ಣದ ಪೆನ್ನಿನಲ್ಲಿ ಚಾರ್ಟ್ ಬರೆದಿದ್ದಾರೆ. ಮೊದಲು ಇಂಟರ್, ಆಮೇಲೆ ನೀಟ್. ಅಲ್ಲಿಂದ ದಾರಿ ಕವಲೊಡೆಯುತ್ತದೆ. ಆಂಧ್ರದಲ್ಲಿ ಲೋಕಲ್ ಎಂದು ಸೀಟು ಕೇಳುವುದೋ, ಹೊರನಾಡ ಕನ್ನಡಿಗರೆಂದು ಕರ್ನಾಟಕಕ್ಕೆ ಅರ್ಜಿ ಹಾಕುವುದೋ? ಎಲ್ಲಾದರೂ ಸರಿ, ಎಂಬಿಬಿಎಸ್ ಐದೂವರೆ ವರ್ಷ. ಮತ್ತೆ ಎಂಟ್ರೆನ್ಸ್. ಮತ್ತೆ ಮೂರು ವರ್ಷ ಸೈಕಿಯಾಟ್ರಿ. ಚಾರ್ಟಿನ ಕೊನೆಗೆ ಜಾಗ ಸಾಲದೆ 'ಕ್ಲಿನಿಕ್' ಎಂಬುದನ್ನು ಇರುವೆಯಷ್ಟು ಸಣ್ಣದಾಗಿ ಬರೆದಿದ್ದಾರೆ.

ಕರ್ನಾಟಕದ ಕವಲಿಗೆ ಕನ್ನಡದ ಪರೀಕ್ಷೆ ಬರೆಯಬೇಕು. ಇಲ್ಲೇ ತಾಪತ್ರಯ. ಚಿನ್ನುವಿನ ಕನ್ನಡ ಅಡುಗೆಮನೆಯ ಕನ್ನಡ. ಉಪ್ಪು, ಹುಳಿ, ಅಜ್ಜಿ, ಜ್ವರ, ಇಷ್ಟಕ್ಕೆ ಸಾಕು. ಓದಲು ಕೂತರೆ ಒತ್ತಕ್ಷರ ಕಂಡಲ್ಲೆಲ್ಲ ನಿಂತುಬಿಡುತ್ತಾಳೆ. ತೆಲುಗು? ಮಾತು ಅರಳು ಹುರಿದಂತೆ, ಓದು ಅಷ್ಟಕ್ಕಷ್ಟೇ. ಯಾಕೆಂದರೆ ಅಂಕ ಜಾಸ್ತಿ ಬರುತ್ತದೆಂದು ಎಲ್ಲರಂತೆ ನಾವೂ ಅವಳಿಗೆ ಸಂಸ್ಕೃತ ಕೊಡಿಸಿದ್ದೇವೆ. ಮನೋವೈದ್ಯೆಯಾಗುವವಳಿಗೆ ಸಂಸ್ಕೃತ! ಸಂಸ್ಕೃತದಲ್ಲಿ ಅಳುವ ಪೇಷೆಂಟ್ ಎಲ್ಲಾದರೂ ಇದ್ದಾರೆಯೇ ಸ್ವಾಮಿ?

ಆ ಚಾರ್ಟನ್ನೇ ಸುರುಳಿ ಸುತ್ತಿಕೊಂಡು ನಾನು ಶನಿವಾರದ ರೈಲು ಹತ್ತಿದ್ದೆ. ಇವರಿಗೆ ಡ್ಯೂಟಿ ಇತ್ತು, ಒಬ್ಬಳೇ. ವೈಜಾಗಿನಿಂದ ವಿಜಯವಾಡಕ್ಕೆ ಕಿಟಕಿ ಪಕ್ಕದ ಸೀಟು ಸಿಕ್ಕರೆ ನನ್ನಂಥವಳಿಗೆ ಬೇರೇನೂ ಬೇಡ. ಗದ್ದೆ, ತೆಂಗು, ಮತ್ತೆ ಗದ್ದೆ. ಗೋದಾವರಿಯ ಸೇತುವೆ ಬಂದಾಗ ಬೋಗಿಯೆಲ್ಲ ಒಂದು ಕ್ಷಣ ಮಾತು ನಿಲ್ಲಿಸುತ್ತದೆ, ಅಜ್ಜಿಯರು ನಾಣ್ಯ ಎಸೆದು ಕೈ ಮುಗಿಯುತ್ತಾರೆ. ನಾನೂ ಮುಗಿದೆ. ಏನು ಕೇಳಿಕೊಂಡೆ ಅಂತೀರಿ? ಸೀಟು.

ವಿಜಯವಾಡದ ಭವಾನಿಪುರದಲ್ಲಿ ನನ್ನ ಸಹೋದ್ಯೋಗಿಯ ಮನೆಯಿದೆ, ಹಾಸನದವರು. ಅಲ್ಲಿ ಉಳಿದು, ಬೆಳಿಗ್ಗೆ ಅವರ ಅಡುಗೆಮನೆಯಲ್ಲೇ ಚಿತ್ರಾನ್ನ ಕಲಸಿಕೊಂಡು ಹಾಸ್ಟೆಲಿಗೆ ಹೋದೆ. ಭಾನುವಾರದ ಹಾಸ್ಟೆಲ್ ನೀವು ನೋಡಬೇಕು. ಒಂದೊಂದು ಮರದ ಕೆಳಗೆ ಒಂದೊಂದು ಸಂಸಾರ. ಚಾಪೆ, ಕ್ಯಾರಿಯರ್, ನೀರಿನ ಬಾಟಲು. ತಿನ್ನುತ್ತಿರುವ ಒಂದು ಮಗು, ಅದರ ಬಾಯನ್ನೇ ನೋಡುತ್ತಿರುವ ನಾಲ್ಕು ಜನ. ಅಂಗಳದ ತುಂಬ ಪುಳಿಹೋರ (ನಮ್ಮ ಪುಳಿಯೋಗರೆ) ಮತ್ತು ಗೋಂಗೂರ ಸೊಪ್ಪಿನ ಚಟ್ನಿಯ ವಾಸನೆ.

ವಾರ್ಡನ್ ನನ್ನನ್ನು ಹಿಡಿದದ್ದು ಗೇಟಿನ ಬಳಿಯೇ. ದೂರಿನ ಜೊತೆ ಪರಿಹಾರವನ್ನೂ ತಂದಿದ್ದರು. ಎಲ್ಲಕ್ಕೂ ಮೂಲ ಚಿನ್ನುವಿನ ರೂಂಮೇಟ್ ಅಂತೆ. ದಿನವೂ ಅಳುವವಳು ಅವಳೇ ಅಂತೆ. ಚಿನ್ನುವನ್ನು ಎ ಬ್ಲಾಕಿಗೆ ಹಾಕಿದರೆ ಎಲ್ಲ ಸರಿಹೋಗುತ್ತದೆ. "ಅಲ್ಲಿ ಬರೀ ರ್‍ಯಾಂಕ್ ಹುಡುಗಿಯರಮ್ಮಾ. ಯಾರೂ ಯಾರ ಜೊತೆಯೂ ಮಾತೇ ಆಡೋದಿಲ್ಲ" ಎಂದು ತೆಲುಗಿನಲ್ಲಿ ಹೊಗಳಿದರು. ನಾಲ್ಕು ಗಂಟೆಯೊಳಗೆ ಸೈನ್ ಹಾಕಿ ಕೊಡಿ ಎಂದು ಒಂದು ಫಾರಂ ಕೈಗಿತ್ತರು.

ಯಾರೂ ಯಾರ ಜೊತೆಯೂ ಮಾತಾಡದ ಜಾಗ. ಮನೋವೈದ್ಯೆಯಾಗಲು ಎಂಥ ಪ್ರಶಸ್ತ ಸ್ಥಳ! ಈಗ ನಗು ಬರುತ್ತದೆ. ಆಗ ನಾನು ಪೆನ್ನು ಹುಡುಕುತ್ತಿದ್ದೆ.

ಬೇವಿನ ಮರದ ಕೆಳಗೆ ಚಾಪೆ ಹಾಸಿದೆ. ಚಿನ್ನು ಬಂದಳು, ಜೊತೆಗೆ ಒಬ್ಬ ಹುಡುಗಿಯನ್ನು ಕೈ ಹಿಡಿದು ಎಳೆದುಕೊಂಡೇ ಬಂದಳು. ಸಣ್ಣಗೆ, ಎಣ್ಣೆ ಕಾಣದ ಜಡೆ. "ಅಮ್ಮ, ಇವಳೇ ಲಾವಣ್ಯ. ನನ್ನ ರೂಂಮೇಟ್" ಎಂದಳು. (ನಿಜವಾದ ಹೆಸರು ಬೇರೆ. ಬರೆಯಲೇ ಎಂದು ಅವಳನ್ನೂ ಅವಳಪ್ಪನನ್ನೂ ಕೇಳಿಯೇ ಬರೆಯುತ್ತಿದ್ದೇನೆ.) ಇಷ್ಟು ದಿನ ಹೆಸರು ಕೇಳಿದ್ದೆ, ಅವಳು ಎಂದೂ ಕೆಳಗೆ ಇಳಿದು ಬಂದಿರಲಿಲ್ಲ. ಮನೆ ಕೊಂಡಪಲ್ಲಿ, ವಿಜಯವಾಡಕ್ಕೆ ಹತ್ತಿರವೇ. ಅಪ್ಪನಿಗೆ ಪಕ್ಕದ ವಿದ್ಯುತ್ ಸ್ಥಾವರದಲ್ಲಿ ಶಿಫ್ಟ್ ಡ್ಯೂಟಿ, ಎಲ್ಲ ಭಾನುವಾರವೂ ಬರಲಾಗುವುದಿಲ್ಲ.

ಇಲ್ಲೀಗ ನಮ್ಮಂಥವರ ಒಂದು ಕೆಟ್ಟ ಚಟದ ಬಗ್ಗೆ ಹೇಳಬೇಕು.

ಹೊರರಾಜ್ಯಕ್ಕೆ ವರ್ಗವಾಗಿ ಬಂದ ನಾವು ಕನ್ನಡವನ್ನು ಬಾಗಿಲು ಹಾಕಿಕೊಂಡ ಕೋಣೆಯಂತೆ ಬಳಸುತ್ತೇವೆ. ಸೀರೆ ಅಂಗಡಿಯಲ್ಲಿ ಅಂಗಡಿಯವನ ಎದುರಿಗೇ, "ಜಾಸ್ತಿ ಹೇಳ್ತಿದಾನೆ, ಎದ್ದು ಬಾ." ಲಿಫ್ಟಿನಲ್ಲಿ ಪಕ್ಕದ ಮನೆಯಾಕೆಯ ಪಕ್ಕದಲ್ಲೇ ನಿಂತು, "ಇವರ ಮಗನೇ ಕಣ್ರೀ ಫೇಲಾಗಿದ್ದು." ಮುಖದ ಮೇಲೆ ನಗು, ಬಾಯಲ್ಲಿ ಕನ್ನಡ. ಅವರಿಗೆಲ್ಲಿ ಗೊತ್ತಾಗುತ್ತದೆ ಬಿಡಿ! ನೀವು ಮಾಡಿಲ್ಲವೇ? ಹೊರನಾಡಿನಲ್ಲಿರುವ ಓದುಗರು ಎದೆ ಮುಟ್ಟಿಕೊಂಡು ಹೇಳಿ.

ನಾನು ಲಾವಣ್ಯಳ ತಟ್ಟೆಗೆ ಚಿತ್ರಾನ್ನ ಬಡಿಸುತ್ತಾ, ಅವಳನ್ನೇ ನೋಡಿ ಅಕ್ಕರೆಯಿಂದ ನಗುತ್ತಾ, ಚಿನ್ನುವಿಗೆ ಕನ್ನಡದಲ್ಲಿ ಹೇಳಿದೆ: "ಇವಳೇನಾ ಆ ಅಳುಮುಂಜಿ? ನೋಡು ಚಿನ್ನು, ಇವಳ ಸಹವಾಸ ಬಿಟ್ಬಿಡು. ಇವಳ ಕಷ್ಟ ಇವಳ ಅಪ್ಪ ಅಮ್ಮ ನೋಡ್ಕೋತಾರೆ. ನಿನಗ್ಯಾಕೆ ಊರ ಉಸಾಬರಿ? ಇವತ್ತೇ ಎ ಬ್ಲಾಕಿಗೆ ಹೋಗು, ನಾನು ಸೈನ್ ಹಾಕ್ತೀನಿ."

"ಅಮ್ಮಾ!" ಎಂದಳು ಚಿನ್ನು. ಮುಖ ಬಿಳಿಚಿಕೊಂಡಿತ್ತು.

ನನಗೆ ತಿಳಿಯಲಿಲ್ಲ. ಅವಳು ಹಟ ಮಾಡುತ್ತಿದ್ದಾಳೆ ಎಂದುಕೊಂಡು ಇನ್ನೊಂದು ಸೌಟು ಬಡಿಸಿ, ಇನ್ನೊಂದು ಮಾತೂ ಸೇರಿಸಿದೆ. "ಮುಳುಗೋರನ್ನ ಹಿಡ್ಕೊಂಡ್ರೆ ನೀನೂ ಮುಳುಗ್ತೀಯ."

ಲಾವಣ್ಯ ತಟ್ಟೆಯನ್ನು ಚಾಪೆಯ ಮೇಲಿಟ್ಟಳು. ಮೆಲ್ಲಗೆ, ಒಂದು ಅಗುಳೂ ಚೆಲ್ಲದಂತೆ.

"ಆಂಟಿ, ಚಿನ್ನು ಹೋಗೋದು ಬೇಡ. ನಾನೇ ಬೇರೆ ರೂಮ್‌ಗೆ ಹೋಗ್ತೀನಿ" ಎಂದಳು. ಕನ್ನಡದಲ್ಲಿ. ತಿಪಟೂರಿನ ಕನ್ನಡದಲ್ಲಿ!

ಬ್ಯಾಂಕಿನಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದ್ದೇನೆ. ಬಯ್ಯಿಸಿಕೊಂಡಿದ್ದೇನೆ, ಬಯ್ದಿದ್ದೇನೆ. ಆದರೆ ಹೀಗೆ ನಾಚಿಕೆಯಾದದ್ದಿಲ್ಲ. ಕೈಯಲ್ಲಿ ಸೌಟು ಹಾಗೇ ಇತ್ತು. "ನಿನಗೆ ಕನ್ನಡ ಬರುತ್ತಾ?" ಎಂಬ ಪೆದ್ದು ಪ್ರಶ್ನೆಯನ್ನೇ ಕೇಳಿದೆ.

"ನಿಮ್ಮ ಫೋನ್ ಕೇಳಿ ಕೇಳಿ ಬಂತು ಆಂಟಿ."

ಹಾಸ್ಟೆಲಿನಲ್ಲಿ ಮಕ್ಕಳಿಗೆ ಮೊಬೈಲ್ ಇಲ್ಲ. ಭಾನುವಾರ ವಾರ್ಡನ್ ಫೋನಿಗೇ ನಾವು ಮಾಡಬೇಕು. ಆಕೆ ಸ್ಪೀಕರ್ ಹಾಕಿ ಮೇಜಿನ ಮೇಲಿಡುತ್ತಾರೆ, ಸರದಿಯಲ್ಲಿ ನಿಂತ ಹುಡುಗಿಯರೆಲ್ಲ ಎಲ್ಲರ ಮನೆಯ ಮಾತನ್ನೂ ಕೇಳುತ್ತಾರೆ. ಒಂದೂವರೆ ವರ್ಷ ಲಾವಣ್ಯ ಚಿನ್ನುವಿನ ಹಿಂದೆ ನಿಂತು ನನ್ನನ್ನು ಕೇಳಿದ್ದಾಳೆ. ಅರ್ಥವಾಗದ್ದನ್ನು ಆಮೇಲೆ ಚಿನ್ನುವಿನಿಂದ ಕೇಳಿ ತಿಳಿದುಕೊಂಡಿದ್ದಾಳೆ.

ಆಗ ಚಿನ್ನು ಅತ್ತಳು. ಲಾವಣ್ಯ ಅಲ್ಲ, ನನ್ನ ಮಗಳು.

"ಮೂರು ವಾರದಿಂದ ನೀನು ಬರ್ತೀಯ ಅಂತ ಕಾಯ್ತಿದ್ದೆ ಅಮ್ಮ. ಸ್ಪೀಕರಲ್ಲಿ ಹೇಗೆ ಹೇಳಲಿ? ಇವಳು ಊಟ ಮಾಡ್ತಿಲ್ಲ. ಬದುಕೋದೇ ಬೇಡ ಅಂತಾಳೆ. ವಾರ್ಡನ್ ಮೇಡಂಗೆ ಹೇಳಿದ್ರೆ ಎಲ್ಲರಿಗೂ ಹಾಗೇ ಅನ್ಸತ್ತೆ, ಓದ್ಕೋ ಹೋಗು ಅಂದ್ರು. ನಾನು ಇವಳನ್ನ ಒಬ್ಬಳನ್ನೇ ಎಲ್ಲೂ ಬಿಡ್ತಿಲ್ಲ. ಕ್ಲಾಸಿಗೆ, ಬಟ್ಟೆ ಒಣಹಾಕೋಕೆ, ಎಲ್ಲ ಕಡೆ ಜೊತೆಗೇ ಇರ್ತೀನಿ. ನನಗೆ ಕೇಳಿಸ್ಕೊಳೋದು ಮಾತ್ರ ಗೊತ್ತು. ಆಮೇಲೇನು ಮಾಡ್ಬೇಕು ಅಂತ ಗೊತ್ತಿಲ್ಲ. ನಾನು ಡಾಕ್ಟ್ರಲ್ಲಮ್ಮ. ಯಾರಾದ್ರೂ ದೊಡ್ಡೋರು ಬೇಕು."

ದೊಡ್ಡವಳು ಬಂದಿದ್ದೆ. ಚಾರ್ಟ್ ಹಿಡಿದುಕೊಂಡು!

ಯೋಚಿಸಿ ನೋಡಿ. ಭೀಮಿಲಿಯ ಜಗುಲಿಯಲ್ಲಿ ಮುಂದೆಂದೋ ಬಂದು ಕೂರುವ ಗೊತ್ತಿಲ್ಲದ ಪೇಷೆಂಟುಗಳಿಗೆ ನಾನು ಮಜ್ಜಿಗೆ ಕಡೆದು ಇಟ್ಟಿದ್ದೇನೆ. ಅವರಲ್ಲಿ ಮೊಟ್ಟಮೊದಲನೆಯವಳು ನನ್ನ ಚಾಪೆಯ ಮೇಲೇ ಕೂತಿದ್ದಾಳೆ. ಅವಳಿಗೆ ನಾನು ಎದ್ದು ಹೋಗು ಎನ್ನುತ್ತಿದ್ದೇನೆ.

ಲಾವಣ್ಯಳ ಕೈ ಹಿಡಿದುಕೊಂಡೆ. ತಣ್ಣಗಿತ್ತು. "ತಪ್ಪಾಯ್ತು ಕಣಮ್ಮಾ" ಎಂದೆ. ಅವಳು ಕೈ ಬಿಡಿಸಿಕೊಳ್ಳಲಿಲ್ಲ.

ಅವಳಪ್ಪನಿಗೆ ಫೋನ್ ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಶಿಫ್ಟಿನಿಂದ ನೇರವಾಗಿ ಬಂದರು, ಯೂನಿಫಾರಂನಲ್ಲೇ. "ಏಮೈಂದಿ ತಲ್ಲೀ?" ಏನಾಯಿತು ತಾಯೀ ಎನ್ನುತ್ತಾ ಮಗಳ ತಲೆ ಸವರಿದರು. ಅವರನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ನನ್ನ ಅರೆಬರೆ ತೆಲುಗಿನಲ್ಲಿ ಎಲ್ಲ ಹೇಳಿದೆ. ನಾಳೆಯೇ ಸೈಕಿಯಾಟ್ರಿಸ್ಟ್ ಹತ್ತಿರ ಹೋಗೋಣ ಎಂದೆ.

ಅವರು ಹಿಂದೆ ಸರಿದರು. "ಆ ಡಾಕ್ಟರ ಹತ್ತಿರವಾ? ಊರಲ್ಲಿ ಗೊತ್ತಾದರೆ ಹುಡುಗಿಗೆ ಕೆಟ್ಟ ಹೆಸರು ಬರುತ್ತದೆ ಮೇಡಂ. ಜನ ಹುಚ್ಚಿ ಅಂತಾರೆ" ಎಂದರು. ಕೊಂಡಪಲ್ಲಿಯಲ್ಲೂ ನಮ್ಮತ್ತೆ ಇದ್ದಾರೆ ಎಂದಾಯಿತು.

ಕೊನೆಗೆ, ಇವತ್ತಿನವರೆಗೆ ಈ ಅಂಕಣದಲ್ಲೂ ಬರೆಯದ, ತವರಿನಲ್ಲೂ ಹೇಳದ ಒಂದು ಮಾತನ್ನು ಆ ಅಪರಿಚಿತ ಮನುಷ್ಯನಿಗೆ ಹೇಳಿದೆ. ವೈಜಾಗಿಗೆ ಬಂದ ಮೊದಲ ವರ್ಷ ನಾನೂ ಆ ಡಾಕ್ಟರ ಹತ್ತಿರ ಹೋಗಿದ್ದೆ. ಗೊತ್ತಿಲ್ಲದ ಊರು, ಬಾರದ ಭಾಷೆ. ಬೆಳಿಗ್ಗೆ ಏಳಲು ಮನಸ್ಸಿಲ್ಲ, ತಲೆ ಬಾಚಲು ಮನಸ್ಸಿಲ್ಲ. ತಿಂಗಳುಗಟ್ಟಲೆ ಗೋಡೆ ನೋಡುತ್ತಾ ಕೂತಿದ್ದೆ. ಡಾಕ್ಟರು ಮಾತಾಡಿಸಿದರು, ಮಾತ್ರೆ ಕೊಟ್ಟರು, ನಾನು ಎದ್ದೆ. ನೆಂಟರಿಗೆ ಗ್ಯಾಸ್ಟ್ರಿಕ್ ಎಂದು ಹೇಳಿದೆವು. ಹೊರಗೆ ಬೆಂಚಿನ ಮೇಲೆ ಹನ್ನೊಂದು ವರ್ಷದ ಚಿನ್ನು ಕಾಲಾಡಿಸುತ್ತಾ ಕಾಯುತ್ತಿದ್ದಳು. ಒಳಗೆ ಹೋಗುವಾಗ ಒಂದು ಥರ ಇದ್ದ ಅಮ್ಮ ಹೊರಬರುವಾಗ ಇನ್ನೊಂದು ಥರ ಇರುವುದನ್ನು ವಾರ ವಾರವೂ ನೋಡಿದಳು. ಅವಳ ಸೈಕಿಯಾಟ್ರಿ ಹುಟ್ಟಿದ್ದು ಆ ಬೆಂಚಿನ ಮೇಲೆ.

"ನೀವು ಬ್ಯಾಂಕ್ ಆಫೀಸರ್ ಅಲ್ಲವಾ?" ಎಂದು ಕೇಳಿದರು ಅವರು.

"ಹೌದು. ಈಗಲೂ ಆಫೀಸರೇ" ಎಂದೆ.

ಹಾಗಾದರೆ ನಾಳೆ ಎಷ್ಟು ಗಂಟೆಗೆ ಬರಲಿ, ಎಂದರು ಅವರು.

ವಾರ್ಡನ್‌ಗೆ ಫಾರಂ ವಾಪಸ್ ಕೊಟ್ಟೆ, ಸೈನ್ ಹಾಕದೆ. ಔಟ್‌ಪಾಸ್ ಮಾತ್ರ ಬೇಕು, ಹುಡುಗಿಯರಿಬ್ಬರನ್ನೂ ಹೊರಗೆ ಕರೆದುಕೊಂಡು ಹೋಗುತ್ತೇನೆ ಎಂದೆ. ಆಕೆಯೂ ಕೆಟ್ಟವರಲ್ಲ. ವಿಷಯ ಬಿಡಿಸಿ ಹೇಳಿದ ಮೇಲೆ ಕುರ್ಚಿಯಲ್ಲಿ ಕುಸಿದು ಕೂತು, ಇನ್ನೂರು ಹುಡುಗಿಯರಿಗೆ ತಾನೊಬ್ಬಳೇ ಎಂದರು. ಅದೂ ನಿಜವೇ.

ಆ ಸಂಜೆ ಭವಾನಿಪುರದಲ್ಲಿ, ಕೃಷ್ಣೆಯ ದಡದ ಮೆಟ್ಟಿಲ ಮೇಲೆ ನಾವು ನಾಲ್ವರೂ ಕೂತಿದ್ದೆವು. ನದಿಯ ನಡುವಿನ ದ್ವೀಪಕ್ಕೆ ಹೋದ ದೋಣಿ ಖಾಲಿಯಾಗಿ ವಾಪಸಾಗುತ್ತಿತ್ತು. ನೀರು ತಾಮ್ರದ ಬಣ್ಣ. ಲಾವಣ್ಯಳ ಅಪ್ಪ ತಂದ ಮಿರ್ಚಿ ಬಜ್ಜಿಯಲ್ಲಿ ಅವಳು ಒಂದನ್ನು ಪೂರ್ತಿ ತಿಂದಳು. ಅವರು ಅದನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವಳು ಅಪ್ಪನ ಭುಜಕ್ಕೆ ಒರಗಿ ನಿದ್ದೆ ಹೋದಳು, ನಡುಮಧ್ಯಾಹ್ನ ಆಡಿ ದಣಿದ ಮಗುವಿನಂತೆ. ಭುಜ ಅಲುಗೀತೆಂದು ಆತ ನೊಣ ಕೂತರೂ ಓಡಿಸಿಕೊಳ್ಳಲಿಲ್ಲ.

"ಅಮ್ಮ, ನನ್ನ ಮಾರ್ಕ್ಸ್ ಕಮ್ಮಿಯಾಯ್ತಲ್ಲ. ಸೀಟು ಸಿಗದಿದ್ರೆ?" ಚಿನ್ನು ಪಿಸುಗುಟ್ಟಿದಳು.

ಸಿಗಬೇಕು ಎಂಬ ಆಸೆ ಒಂದಿಷ್ಟೂ ಕಡಿಮೆಯಾಗಿಲ್ಲ, ಸುಳ್ಳು ಯಾಕೆ ಹೇಳಲಿ? ಇನ್ನೂ ಸಮಯವಿದೆ, ಇಂದಿನಿಂದ ಕಾವಲು ಕಾಯುವ ಕೆಲಸ ನಿನ್ನದಲ್ಲ, ದೊಡ್ಡವರದ್ದು, ನೀನು ಓದಿಕೋ ಎಂದೆ. ನದಿಯನ್ನು ನೋಡುತ್ತಾ ಕೂತಿದ್ದವಳಿಗೆ ಕನಸಿನ ಕ್ಲಿನಿಕ್ಕಿನಲ್ಲಿ ಒಂದು ಕೊರತೆ ಕಾಣಿಸಿತು. ಜಗುಲಿಯಲ್ಲಿ ನಾಲ್ಕೇ ಕುರ್ಚಿ. ಪೇಷೆಂಟುಗಳ ಜೊತೆ ಬಂದು ಹೊರಗೆ ಕಾಯುವ ಮಕ್ಕಳು ಎಲ್ಲಿ ಕೂರಬೇಕು? ಒಂದು ಉದ್ದನೆಯ ಬೆಂಚು ಹಾಕಿಸಬೇಕು.

ಸೋಮವಾರ ರಜೆ ಹಾಕಿ ಅವರ ಜೊತೆ ಹೋದೆ. ಡಾಕ್ಟರು ಒಂದು ಗಂಟೆ ಲಾವಣ್ಯಳೊಡನೆ, ಅರ್ಧ ಗಂಟೆ ಅವಳಪ್ಪನೊಡನೆ ಮಾತಾಡಿದರು. ಮಾತ್ರೆ ಬರೆದರು. ಸ್ವಲ್ಪ ದಿನ ಮನೆಯಲ್ಲಿರಲಿ, ಒಬ್ಬಳನ್ನೇ ಬಿಡಬೇಡಿ, ವಾರ ವಾರ ಕರೆತನ್ನಿ ಎಂದರು. ಈಗ ಅವಳು ಕೊಂಡಪಲ್ಲಿಯಲ್ಲಿ ಅಮ್ಮನ ಕೈಯ ಊಟ ಮಾಡುತ್ತಿದ್ದಾಳೆ. ಪರೀಕ್ಷೆ ಬರೆಯುತ್ತಾಳೋ ಇಲ್ಲವೋ ಆಮೇಲಿನ ಮಾತು. ಚಿನ್ನು ಅದೇ ರೂಮಿನಲ್ಲಿದ್ದಾಳೆ. ಪಕ್ಕದ ಮಂಚದ ಹಾಸಿಗೆಯನ್ನು ಸುತ್ತಿಡಲು ಬಿಟ್ಟಿಲ್ಲವಂತೆ.

ನಿನ್ನೆ ಲಾವಣ್ಯಳಿಗೆ ಫೋನ್ ಮಾಡಿದೆ, ಸ್ಪೀಕರ್ ಇಲ್ಲದೆ. "ಊಟ ಆಯ್ತಾ ಆಂಟಿ?" ಎಂದು ಅವಳೇ ಮೊದಲು ಕೇಳಿದಳು. ಬೆಳಿಗ್ಗೆ ಎರಡು ಇಡ್ಲಿ ತಿಂದಳಂತೆ. ಖುಷಿಯಾಯಿತು. ಅದೇ ಖುಷಿಯಲ್ಲಿ, ಎಷ್ಟು ಚೆನ್ನಾಗಿ ಮಾತಾಡ್ತೀಯಲ್ಲೇ, ನನ್ನಿಂದ ನೀನು ಮೊದಲು ಕಲಿತ ಕನ್ನಡ ಯಾವುದು ಎಂದು ಕೇಳಿದೆ. ಅವಳು ನಕ್ಕಳು. ಅವಳ ನಗು ನಾನು ಕೇಳಿದ್ದು ಅದೇ ಮೊದಲು.

"ಚಿನ್ನು ಹಲೋ ಅನ್ನೋಕೆ ಮುಂಚೆನೇ ಪ್ರತಿ ಭಾನುವಾರ ನೀವು ಕೇಳ್ತಿದ್ರಲ್ಲ ಆಂಟಿ, ಅದೇ: 'ಟೆಸ್ಟಲ್ಲಿ ಎಷ್ಟು ಬಂತು?'"